ಕಿಂಡಲ್ಲೋ, ಕೋಬೋನೋ, ಬೂಕ್ಸೋ?

"ಮಗ ಬರೋ ತಿಂಗಳು ಅಮೆರಿಕದಿಂದ ಬರ್ತಿದ್ದಾನೆ. ಪುಸ್ತಕ ಓದೋ ಮಷೀನು ತರ್ತೀನಿ, ಯಾವುದು ಬೇಕು ಹೇಳಿ ಅಂತಾನೆ. ನೀವು ಎಲ್ಲಾ ನೋಡಿದೋರು, ಹೇಳಿ" ಅಂತ ಕಾಂಪೌಂಡ್ ಗೋಡೆಯಾಚೆಯಿಂದ ಪಕ್ಕದ ಮನೆ ಮೇಷ್ಟ್ರು ಕೇಳಿದರು.

"ಕನ್ನಡ ಓದೋಕೋ, ಇಂಗ್ಲಿಷ್ ಓದೋಕೋ ಮೇಷ್ಟ್ರೇ?"

"ಕನ್ನಡವೇ ಜಾಸ್ತಿ. ಫೋನಿನಲ್ಲಿ ಓದಿದರೆ ಕಣ್ಣುರಿ."

ಕಣ್ಣುರಿಗೆ ಈ ಮಷೀನುಗಳ ಇ-ಇಂಕ್ ನಿಜಕ್ಕೂ ಒಳ್ಳೆಯದು. ಅದರ ಪರದೆಯೊಳಗೆ ಕೂದಲೆಳೆ ದಪ್ಪದ ಗುಳಿಗೆಗಳಿರುತ್ತವೆ, ಗುಳಿಗೆಯೊಳಗೆ ಕಪ್ಪು ಕಣ, ಬಿಳಿ ಕಣ. ವಿದ್ಯುತ್ ತಾಗಿದಾಗ ಯಾವುದು ಮೇಲೆ ಬರಬೇಕೋ ಅದು ಬಂದು ಅಕ್ಷರವಾಗುತ್ತದೆ. ಆಮೇಲೆ ಆ ಪುಟ ಹಾಗೇ ನಿಲ್ಲೋದಕ್ಕೆ ಕರೆಂಟೇ ಬೇಡ. ಒಮ್ಮೆ ಚಾರ್ಜ್ ಮಾಡಿದರೆ ವಾರಗಟ್ಟಲೆ ಬರೋದು ಅದಕ್ಕೇ. ಮಟಮಟ ಮಧ್ಯಾಹ್ನ ಜಗಲಿ ಮೇಲೆ ಕೂತರೂ ಅಕ್ಷರ ಸ್ಪಷ್ಟ.

"ಹಾಗಾದ್ರೆ ಎಲ್ಲರೂ ಹೇಳೋ ಕಿಂಡಲ್ಲೇ ತರಿಸಲಾ?"

ಇಂಗ್ಲಿಷ್ ಕಾದಂಬರಿಗೆ ಅದಕ್ಕಿಂತ ಸಲೀಸಾದದ್ದು ಇಲ್ಲ. ಹಗುರ, ಇಂಚಿಗೆ 300 ಚುಕ್ಕಿಯ ಪರದೆ, ದೊಡ್ಡ ಅಂಗಡಿ. ಆದರೆ 2016ರಲ್ಲಿ ಕಿಂಡಲ್ ಅಂಗಡಿಗೆ ಭಾರತೀಯ ಭಾಷೆಗಳ ಪುಸ್ತಕ ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳ ಬಂದವು, ಕನ್ನಡ ಬರಲಿಲ್ಲ. ಆ ನೋವು ನನಗೆ ಇನ್ನೂ ಹೋಗಿಲ್ಲ. ಇನ್ನೊಂದು ಮಾತು: ಕೊಂಡ ಪುಸ್ತಕವನ್ನು ಕಂಪ್ಯೂಟರಿಗೆ ಇಳಿಸಿಕೊಂಡು ಕೇಬಲ್‌ನಿಂದ ಹಾಕಿಕೊಳ್ಳುವ ಅನುಕೂಲವನ್ನು 2025ರ ಫೆಬ್ರವರಿಯಲ್ಲಿ ತೆಗೆದುಬಿಟ್ಟರು. ದುಡ್ಡು ಕೊಟ್ಟ ಪುಸ್ತಕ ನಮ್ಮ ಬೀರುವಿನಲ್ಲಿ ಇರಬೇಕು ಅನ್ನೋನು ನಾನು.

ಕೋಬೋ ಕೆನಡಾದ್ದು. ಇ-ಪುಸ್ತಕದ ಇಪಬ್ ಫೈಲನ್ನು ಹಾಗೇ ತೆಗೆಯುತ್ತದೆ, ಅಮೆರಿಕದ ಸಾರ್ವಜನಿಕ ಗ್ರಂಥಾಲಯಗಳಿಂದ ನೇರ ಎರವಲು ತರುತ್ತದೆ. ನಿಮ್ಮ ಮಗನಿಗೆ ಚೆನ್ನ, ನಿಮಗೆ ಆ ಗ್ರಂಥಾಲಯ ಸಿಗೋದಿಲ್ಲ.

"ಬಣ್ಣದ್ದೂ ಬಂದಿದೆಯಂತಲ್ಲ?"

ಬಂದಿದೆ, ಬೇಡಿ. ಬಣ್ಣದ ಪದರದಿಂದ ಪರದೆ ಸ್ವಲ್ಪ ಮಂಕಾಗುತ್ತದೆ, ಬಣ್ಣಕ್ಕೆ ಸಿಗೋದು ಇಂಚಿಗೆ 150 ಚುಕ್ಕಿ ಮಾತ್ರ. ನೀವು ಓದೋದು ಕಪ್ಪು ಅಕ್ಷರ.

ನಾನು ಹೇಳೋದು ಬೂಕ್ಸ್, ಅದೂ 10.3 ಇಂಚಿನದು. ಅದು ಆಂಡ್ರಾಯ್ಡ್, ಹಾಗಾಗಿ ಮೈಲ್ಯಾಂಗ್ ಥರದ ಕನ್ನಡ ಪುಸ್ತಕದ ಆ್ಯಪ್ ಹಾಕಿಕೊಳ್ಳಬಹುದು. ಬೆಲೆ ಜಾಸ್ತಿ, ಬ್ಯಾಟರಿ ಕಿಂಡಲಿನಷ್ಟು ಬಾಳೋದಿಲ್ಲ. ಫೋನಿಗೆಂದು ಮಾಡಿದ ಆ್ಯಪ್‌ನಲ್ಲಿ ಪುಟ ಸರಿಸುವಾಗ ಹಿಂದಿನ ಪುಟದ ನೆರಳು ಉಳಿಯುತ್ತದೆ. ಇಷ್ಟಾದರೂ ಅದನ್ನೇ ಹೇಳ್ತೀನಿ.

"ಅಷ್ಟು ದೊಡ್ಡದು ಯಾಕೆ? ಕೈ ನೋಯಲ್ವಾ?"

ನೋಯುತ್ತೆ, ಮೇಜಿನ ಮೇಲೆ ಇಟ್ಕೊಳ್ಳಿ. ನೀವು ಹುಡುಕುವ ಹಳೆಯ ಪುಸ್ತಕಗಳೆಲ್ಲ ಎಲ್ಲಿವೆ ಹೇಳಿ? ಅಂಗಡಿಯಲ್ಲಿ ಮುಗಿದುಹೋಗಿ, ಇಂಟರ್ನೆಟ್ ಆರ್ಕೈವ್‌ನಲ್ಲಿ ಸ್ಕ್ಯಾನ್ ಆಗಿ ಕೂತಿವೆ. ಸ್ಕ್ಯಾನ್ ಅಂದರೆ ಪುಟದ ಫೋಟೋ, ಅಕ್ಷರ ಮಾತ್ರ ದೊಡ್ಡದು ಮಾಡಕ್ಕಾಗಲ್ಲ. ನಮ್ಮ ಡೆಮಿ 1/8 ಪುಟ ಐದೂವರೆ ಇಂಚು ಅಗಲ, ಎಂಟೂವರೆ ಉದ್ದ. ಆರಿಂಚಿನ ಮಷೀನಿನ ಪರದೆ ಮೂರೂವರೆ ಇಂಚಿಗಿಂತ ಚೂರು ಅಗಲ, ಅಷ್ಟೇ. ಅದರಲ್ಲಿ ಪುಟ ಕುಗ್ಗಿದಾಗ ಮೊದಲು ಸಾಯೋದು ಒತ್ತಕ್ಷರ. 'ರಾಷ್ಟ್ರ'ದ ಕೆಳಗಿನ ಟಕಾರ ರಕಾರ ಮಸಿಯ ಚುಕ್ಕೆಯಾಗುತ್ತವೆ, ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಅಂಟಿಕೊಳ್ಳುತ್ತದೆ. 10.3 ಇಂಚಿನದರಲ್ಲಿ ಅದೇ ಪುಟ ಹೆಚ್ಚುಕಡಿಮೆ ಅಚ್ಚಾದ ಅಳತೆಯಲ್ಲೇ ನಿಲ್ಲುತ್ತದೆ, ಅಂಚು ಕತ್ತರಿಸಿಕೊಂಡರೆ ಇನ್ನೂ ದೊಡ್ಡದು.

"ಹಾಗಾದ್ರೆ ಅದನ್ನೇ ಹೇಳ್ತೀನಿ."

ಹೇಳಿ. ಜೊತೆಗೆ ಇದನ್ನೂ ಹೇಳಿ ಮೇಷ್ಟ್ರೇ: ಯಾವ ಕಂಪನಿಯದೇ ತರಲಿ, ವಾಪಸು ಕೊಡುವ ಅವಧಿ ಮುಗಿಯೋದರೊಳಗೆ ಅಲ್ಲೇ ಒಂದು ಕನ್ನಡ ಇಪಬ್, ಒಂದು ಹಳೆಯ ಸ್ಕ್ಯಾನ್ ತೆಗೆದು ನೋಡಲಿ. ಒತ್ತು ಒಡೆದು ಕಂಡರೆ ಹಿಂದಿರುಗಿಸಲಿ, ಇಲ್ಲಿಗೆ ಹೊತ್ತು ತರುವುದು ಬೇಡ.