ಮೂವತ್ತು ನಲವತ್ತರ ಮೈದಾನ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ನೆಂಟರಿಗೆ ಮೈಸೂರಿನ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕುತ್ತದೆ. ಮಕ್ಕಳನ್ನು ರಾಜೀವನಗರದ ನಮ್ಮ ಮನೆಯಲ್ಲಿ ಇಳಿಸಿ, ಕಾಫಿ ಕುಡಿದು, ಇನ್ನೇನು ಕಾರು ಹತ್ತಬೇಕು ಅನ್ನುವಾಗ ಕೇಳುತ್ತಾರೆ: ‘ಅಲ್ಲಾ, ಇಲ್ಲಿ ಮಕ್ಕಳಿಗೆ ಟೈಂಪಾಸ್‌ಗೆ ಏನಿದೆ?’ ಟಿಕೆಟ್ ಹರಿದು ಕೊಡದ ಯಾವುದೂ ಅವರ ಲೆಕ್ಕದಲ್ಲಿ ಮನರಂಜನೆಯಲ್ಲ. ಅರಮನೆ ಇಟ್ಟುಕೊಂಡ ಊರಿನವರಿಗೆ ಇಂಥ ಮಾತು ಸುಮ್ಮನೆ ಕೇಳಿಕೊಂಡಿರುವುದು ಕಷ್ಟ.

ಊರಿನ ಮಾನ ಉಳಿಸಲು ನಾನೂ ಪಟ್ಟಿ ಒಪ್ಪಿಸುತ್ತೇನೆ. 1892ರ ಮೃಗಾಲಯವಿದೆ. ಮಂಗಳವಾರ ಅದಕ್ಕೆ ವಾರದ ರಜೆ, ನೆಂಟರು ಬಂದಿಳಿಯುವುದು ಸರಿಯಾಗಿ ಸೋಮವಾರ ರಾತ್ರಿ. ಪಕ್ಕದಲ್ಲೇ ಕಾರಂಜಿ ಕೆರೆ, ಅದರಲ್ಲಿ ದೋಣಿ. ಸ್ಟೇಷನ್ ಹತ್ತಿರ 1979ರಲ್ಲಿ ಶುರುವಾದ ರೈಲು ವಸ್ತುಸಂಗ್ರಹಾಲಯ. ಅಲ್ಲಿ ಮಹಾರಾಣಿಯವರ ಸಲೂನ್ ಬೋಗಿಯಿದೆ, 1899ರದ್ದು. ಅಡುಗೆಮನೆ, ಊಟದ ಮನೆ, ಶೌಚಾಲಯ, ಎಲ್ಲ ಉಂಟು. ದೊಡ್ಡವರು ರಾಜವೈಭವ ಕಂಡು ನಿಟ್ಟುಸಿರು ಬಿಡುತ್ತಿದ್ದರೆ ಮಕ್ಕಳದು ಒಂದೇ ಸಂಶಯ: ‘ಫ್ಲಶ್ ಮಾಡಿದ್ರೆ ಅದೆಲ್ಲಾ ಎಲ್ಲಿಗೆ ಹೋಗ್ತಿತ್ತು?’

ಇನ್ನು ರಂಗಾಯಣ. ಬಿ.ವಿ. ಕಾರಂತರು 1989ರಲ್ಲಿ ಕಟ್ಟಿ ಬೆಳೆಸಿದ ಸಂಸ್ಥೆ. ಅಲ್ಲಿ ಬೇಸಿಗೆಯಲ್ಲಿ ಚಿಣ್ಣರ ಮೇಳ ನಡೆಯುತ್ತದೆ. ನೂರಾರು ಮಕ್ಕಳು ಮುಖವಾಡ ಮಾಡಿ, ಹಾಡಿ, ಕುಣಿದು, ಕೊನೆಗೆ ನಾಟಕ ಆಡುತ್ತಾರೆ. ಒಂದು ವರ್ಷ ನಮ್ಮ ಮನೆಯ ಹುಡುಗನಿಗೆ ಪ್ರಜೆಗಳ ಗುಂಪಿನಲ್ಲಿ ಪಾತ್ರ ಸಿಕ್ಕಿತು. ಇದ್ದದ್ದು ಒಂದೇ ಮಾತು: ‘ಮಹಾಪ್ರಭು, ನಮಗೆ ನ್ಯಾಯ ಬೇಕು!’ ಮೇಳ ಮುಗಿದ ಎಷ್ಟೋ ದಿನದವರೆಗೆ ಎರಡನೇ ದೋಸೆ ತಡವಾದರೂ, ಟಿವಿ ಆರಿಸಿದರೂ, ತಲೆಗೆ ಎಣ್ಣೆ ಹಚ್ಚಲು ಕರೆದರೂ ಅವನಿಗೆ ನ್ಯಾಯವೇ ಬೇಕಾಗುತ್ತಿತ್ತು. ಪ್ರಜೆಗಳಿಗೆ ಇಷ್ಟು ತರಬೇತಿ ಕೊಡಬಾರದು ಎಂದು ಅವನ ತಾಯಿಯ ಅಭಿಪ್ರಾಯ.

ಪಟ್ಟಿ ಕೇಳಿ ನೆಂಟರು ಸಮಾಧಾನದಿಂದ ಹೊರಡುತ್ತಾರೆ. ನಿಜ ಹೇಳಬೇಕೆಂದರೆ ಇವೆಲ್ಲ ವರ್ಷಕ್ಕೊಂದು ಸಲದ ಮಾತು. ಊರಿನ ಈಶಾನ್ಯದ ಅಂಚಿನಲ್ಲಿ, ಉದಯಗಿರಿ ದಾಟಿ, ರಿಂಗ್ ರಸ್ತೆಯ ಕಡೆಗೆ ಕೈಚಾಚಿಕೊಂಡಿರುವ ನಮ್ಮ ಬಡಾವಣೆಯ ಮಕ್ಕಳು ಮಿಕ್ಕ ದಿನಗಳಲ್ಲಿ ಆಡುವುದೆಲ್ಲ ಖಾಲಿ ಸೈಟಿನಲ್ಲಿ.

ಖಾಲಿ ಸೈಟೆಂದರೆ ಮೂವತ್ತು ನಲವತ್ತರದು. ಮೂವತ್ತು ಅಡಿ ಅಗಲ, ನಲವತ್ತು ಅಡಿ ಉದ್ದ. ಕ್ರಿಕೆಟ್ ಪಿಚ್ಚಿಗೆ ಬೇಕಾದದ್ದು 22 ಗಜ, ಅಂದರೆ 66 ಅಡಿ. ಈ ಸಮಸ್ಯೆಯನ್ನು ನಮ್ಮ ಕ್ರಾಸಿನ ಹುಡುಗರು ಬಗೆಹರಿಸಿದ ರೀತಿ ಯಾವ ಇಂಜಿನಿಯರಿಗೂ ಕಡಿಮೆಯಿಲ್ಲ. ಅವರು ವಿಕೆಟ್ಟನ್ನು ಮೂಲೆಯಲ್ಲಿ ನೆಟ್ಟು, ಎದುರಿನ ಮೂಲೆಯಿಂದ ಬೌಲಿಂಗ್ ಮಾಡುತ್ತಾರೆ. ಮೂವತ್ತರ ವರ್ಗಕ್ಕೆ ನಲವತ್ತರ ವರ್ಗ ಕೂಡಿಸಿದರೆ ಐವತ್ತರ ವರ್ಗ. ಕರ್ಣಕ್ಕೆ ಹೊರಳಿದ ಕೂಡಲೇ ಹತ್ತಡಿ ಲಾಭ. ಇದೇ ಹುಡುಗರು ಗಣಿತದ ಪರೀಕ್ಷೆಯಲ್ಲಿ ಪೈಥಾಗರಸನ ಪ್ರಮೇಯ ಕೇಳಿದರೆ ಫ್ಯಾನ್ ನೋಡುತ್ತಾರೆ. ಇನ್ನೂ ಹದಿನಾರು ಅಡಿ ಸಾಲ ಉಳಿಯಿತಲ್ಲ, ಅದನ್ನು ನಗರಪಾಲಿಕೆಯ ರಸ್ತೆಯಿಂದ ಎತ್ತುತ್ತಾರೆ. ಬೌಲರ್ ಎದುರು ಮನೆಯ ಗೇಟಿನಿಂದ ಓಡಿ ಬರುತ್ತಾನೆ, ನಡುವೆ ಆಟೋ ಬಂದರೆ ನಿಲ್ಲುತ್ತಾನೆ, ಆಟೋ ದಾಟಿದ ಮೇಲೆ ಮಿಕ್ಕ ಓಟ ಓಡುತ್ತಾನೆ. ಟೆಸ್ಟಿನಲ್ಲಿ 236 ವಿಕೆಟ್ ಕಿತ್ತ ಜಾವಗಲ್ ಶ್ರೀನಾಥ್ ಇದೇ ಮೈಸೂರಿನವರು. ಅವರ ರನ್‌ಅಪ್ಪಿಗೆ ನಮ್ಮ ಕ್ರಾಸು ಸಾಲದೆ ಪಕ್ಕದ ಕ್ರಾಸಿನಿಂದ ಓಡಿಬರಬೇಕಾಗುತ್ತಿತ್ತು.

ಕಾನೂನು ಕಟ್ಟುನಿಟ್ಟು. ಮೊದಲ ಚೆಂಡು ಟ್ರಯಲ್ಸ್. ಒನ್ ಪಿಚ್ ಕ್ಯಾಚ್ ಹಿಡಿದರೆ ಔಟು, ಆದರೆ ಒಂದೇ ಕೈಯಲ್ಲಿ. ಹುಡುಗರ ಸಂಖ್ಯೆ ಬೆಸವಾದರೆ ಒಬ್ಬ ಜೋಕರ್, ಎರಡೂ ಕಡೆ ಬ್ಯಾಟಿಂಗ್ ಮಾಡುವ ಭಾಗ್ಯವಂತ. ಬ್ಯಾಟಿನ ಒಡೆಯ ಔಟಾದರೆ ಅದು ನೋಬಾಲ್. ಲೆಕ್ಕವೆಲ್ಲ ಇಂಗ್ಲಿಷಿನಲ್ಲಿ, ಜಗಳ ದಖನಿಯಲ್ಲಿ, ರಾಜಿ ಕನ್ನಡದಲ್ಲಿ. ಯಾಕೆ ಹೀಗೆಂದು ಯಾರೂ ಗೊತ್ತು ಮಾಡಿದ್ದಲ್ಲ, ಹಾಗೇ ನಡೆದು ಬಂದಿದೆ.

ಎಲ್ಲಕ್ಕಿಂತ ದೊಡ್ಡ ಕಾನೂನು ನಾನಿಯ ಕಾಂಪೌಂಡಿನದು. ನಾನಿ ಇಡೀ ಬೀದಿಗೆ ನಾನಿ. ಚೆಂಡು ಅವರ ಕಾಂಪೌಂಡಿಗೆ ಬಿದ್ದರೆ ಹೊಡೆದವನು ಔಟು, ಮತ್ತು ಅವನೇ ಹೋಗಿ ತರಬೇಕು. ಹೋಗುವುದೇನೋ ಸುಲಭ, ಬರುವುದು ನಾನಿಯ ಮರ್ಜಿ. ಜಗಲಿಯ ಮೂಲೆಯಲ್ಲಿ ಒಂದು ಹಳೇ ಪ್ಲಾಸ್ಟಿಕ್ ಬಕೆಟ್ ಇದೆ. ಅದರಲ್ಲಿ ಬೂರು ಹೋದ ಟೆನಿಸ್ ಚೆಂಡು, ಟೇಪು ಸುತ್ತಿದ ಚೆಂಡು, ಯಾರ ಕಾಲದ್ದೋ ರಬ್ಬರ್ ಚೆಂಡು. ಹುಡುಗ ಗೇಟು ಹಿಡಿದು ‘ನಾನೀ, ಬಾಲ್’ ಎಂದು ರಾಗ ಎಳೆಯುತ್ತಾನೆ.

‘ಯಾವ ಬಾಲು?’

‘ಹಸಿರು ಬಾಲು ನಾನಿ. ಈಗ ಬಿತ್ತಲ್ಲ.’

‘ಹೋಗಿ ಹತ್ತು ರೂಪಾಯಿ ಕೊತ್ತಂಬರಿ, ಪುದೀನ ತಗೊಂಡ್ ಬಾ. ಬಾಡಿದ್ದು ತಂದ್ರೆ ಬಾಲ್ ಇಲ್ಲ.’

ಹುಡುಗ ಓಡುತ್ತಾನೆ, ಮ್ಯಾಚು ನಿಲ್ಲುತ್ತದೆ, ಫೀಲ್ಡರ್‌ಗಳು ಮೋರಿಕಟ್ಟೆಯ ಮೇಲೆ ಕೂರುತ್ತಾರೆ. ಸೊಪ್ಪನ್ನು ಮೂಗಿನ ಹತ್ತಿರ ಹಿಡಿದು ನೋಡಿದ ಮೇಲೇ ಚೆಂಡಿಗೆ ಬಿಡುಗಡೆ. ಭಾನುವಾರ ಬೆಳಗ್ಗೆ ನಾನಿಯ ಮನೆಯಲ್ಲಿ ಬಿರಿಯಾನಿಯ ದಿನ, ಮಸಾಲೆ ಸಾಮಾನಿನ ಚೀಟಿ ಉದ್ದವಿರುತ್ತದೆ. ಅವತ್ತು ಯಾವ ಬ್ಯಾಟ್ಸ್‌ಮನ್ನೂ ಆ ಕಡೆ ಹೊಡೆಯುವುದಿಲ್ಲ. ಕವರ್ ಡ್ರೈವನ್ನು ತಡೆಯಲು ಜಗತ್ತಿನ ಯಾವ ನಾಯಕನೂ ಇಷ್ಟು ಒಳ್ಳೆಯ ಉಪಾಯ ಕಂಡುಹಿಡಿದಿಲ್ಲ.

ಸೈಟಿನ ಮಾಲೀಕ ಒಂದು ದಿನ ಕಾರಿನಲ್ಲಿ ಬಂದಿಳಿದು ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿದನೋ, ಕ್ರಿಕೆಟ್ ಮುಗಿಯಿತು. ಆದರೆ ಆಟ ಮುಗಿಯುವುದಿಲ್ಲ. ಪಾಯ ತೋಡಿದಾಗ ಉದ್ದ ಜಿಗಿತದ ಸ್ಪರ್ಧೆ. ಎಂ-ಸ್ಯಾಂಡ್ ಬಂದು ಬಿದ್ದರೆ ಸಣ್ಣವರ ಸುರಂಗ ಕಾಮಗಾರಿ. ಆಷಾಢದ ಗಾಳಿ ಬೀಸುವಷ್ಟರಲ್ಲಿ ಮೋಲ್ಡ್ ಬಿದ್ದಿದ್ದರೆ ಗಾಳಿಪಟಕ್ಕೆ ಅದೇ ಎತ್ತರದ ಜಾಗ. ಗೃಹಪ್ರವೇಶದ ಊಟವನ್ನೂ ಮಾಡಿ, ಮರುದಿನ ಬ್ಯಾಟು ಹೆಗಲಿಗೇರಿಸಿ ಮುಂದಿನ ಸೈಟಿಗೆ ಗುಳೆ ಹೋಗುತ್ತಾರೆ. ಒಂದನೇ ಹಂತದಲ್ಲಿ ಜಾಗ ಮುಗಿಯಿತು, ಎರಡನೇ ಹಂತದಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದೆ.

ಇಷ್ಟೆಲ್ಲ ಹೇಳಿದೆ, ಹುಡುಗಿಯರ ಮಾತೇ ಬರಲಿಲ್ಲ ಎಂದು ನೀವು ಗಮನಿಸಿರಬೇಕು. ಸೈಟಿನಲ್ಲಿ ಅವರಿಗೆ ಜಾಗವಿರುವುದು ಹತ್ತು ಹನ್ನೊಂದು ವರ್ಷದವರೆಗೆ ಮಾತ್ರ. ಆಮೇಲೆ ‘ಏನದು ಬೀದಿಯಲ್ಲಿ?’ ಎಂಬ ಒಂದು ವಾಕ್ಯ ಎಲ್ಲ ಮನೆಗಳಲ್ಲೂ, ಎಲ್ಲ ಜಾತಿ ಮತದವರ ಬಾಯಲ್ಲೂ ಒಂದೇ ಧಾಟಿಯಲ್ಲಿ ಬರುತ್ತದೆ. ನನಗೆ ಇದು ಹಿಡಿಸುವುದಿಲ್ಲ. ಹುಡುಗಿಯರೂ ಇದನ್ನು ಒಪ್ಪಿಕೊಂಡು ಕೂತಿಲ್ಲ, ತಾರಸಿಗೆ ಹೋದರು. ಒಣಹಾಕಿದ ಬೆಡ್‌ಶೀಟೇ ನೆಟ್ಟು, ಶಟಲ್ ಆಡುತ್ತಾರೆ. ಕಾಕ್ ಕೆಳಗೆ ಬಿದ್ದರೆ ಎತ್ತಿ ಎಸೆಯಲು ಸೈಟಿನ ಕ್ರಿಕೆಟಿಗರು ಮ್ಯಾಚು ಬಿಟ್ಟು ಬರುತ್ತಾರೆ, ಅಷ್ಟು ಸೌಜನ್ಯ ಅವರಿಗೆ ಬೇರೆಲ್ಲೂ ಬರುವುದಿಲ್ಲ. ರಂಜಾನ್ ಹಬ್ಬದ ಹಿಂದಿನ ರಾತ್ರಿ, ಚಾಂದ್ ರಾತ್, ತಾರಸಿಯ ಆಡಳಿತ ಮೆಟ್ಟಿಲಿಗೆ ಇಳಿಯುತ್ತದೆ. ಪಿಯುಸಿ ಹುಡುಗಿಯೊಬ್ಬಳು ಮೆಹಂದಿ ಕೋನ್ ಹಿಡಿದು ಕೂರುತ್ತಾಳೆ. ಅಕ್ಕಪಕ್ಕದ ಗೌಡರ ಮನೆ, ಆಚಾರ್ ಮನೆಯ ಮಕ್ಕಳೂ ಸೇರಿ ಸಾಲು ಗೇಟಿನ ತನಕ. ಚಿಕ್ಕವರಿಗೆ ಪುಕ್ಕಟೆ, ಆಂಟಿಯರಿಗೆ ಕೈಗಿಷ್ಟು ಅಂತ ರೇಟು. ವರ್ಷವಿಡೀ ಕ್ರಿಕೆಟ್ ಆಡಿದ ಅಣ್ಣ ಮರುದಿನ ಅವಳ ಹತ್ತಿರವೇ ಸಾಲ ಕೇಳುತ್ತಾನೆ.

ರಂಜಾನ್ ತಿಂಗಳು ಹದಿಹರೆಯದವರಿಗೆ ಬೇರೆಯೇ ಲೋಕ. ತರಾವೀಹ್ ನಮಾಜು ಮುಗಿದ ಮೇಲೆ ಬೀದಿಗೆ ಬೆಳಗಾಗುತ್ತದೆ. ಸಮೋಸ, ಹಲೀಮ್, ಶರಬತ್ತು, ಬೀದಿದೀಪದ ಕೆಳಗೆ ಕೇರಂ ಬೋರ್ಡು. ಬೇರೆ ತಿಂಗಳಲ್ಲಿ ಒಂಬತ್ತಕ್ಕೆ ಮನೆ ಸೇರದಿದ್ದರೆ ಕಿವಿ ಹಿಂಡುವ ಅಪ್ಪಂದಿರು ಆಗ ಪಕ್ಕದಲ್ಲೇ ನಿಂತು ‘ರೆಡ್ ಹಾಕಪ್ಪಾ ಮೊದಲು, ಕವರ್ ಆಗಲ್ಲ’ ಎಂದು ಸಲಹೆ ಕೊಡುತ್ತಿರುತ್ತಾರೆ.

ಆಟಕ್ಕಷ್ಟೇ ಅಲ್ಲ, ಓದಿಗೂ ಇಲ್ಲಿ ಜಾಗವಿತ್ತು. ಇದೇ ರಾಜೀವನಗರದ ಎರಡನೇ ಹಂತದಲ್ಲಿ ಸೈಯದ್ ಇಸಾಕ್ ಎಂಬವರ ಗ್ರಂಥಾಲಯವಿತ್ತು. ಶಾಲೆಯ ಮೆಟ್ಟಿಲು ಹತ್ತದ ಮನುಷ್ಯ. ಒಳಚರಂಡಿ ಸ್ವಚ್ಛ ಮಾಡಿ, ಕೂಲಿನಾಲಿ ಮಾಡಿ ಬದುಕಿದವರು. 2011ರಲ್ಲಿ ಶೆಡ್ಡು ಹಾಕಿ ಪುಸ್ತಕ ಕೂಡಿಸತೊಡಗಿದರು. ಕೂಡಿಸುತ್ತ ಕೂಡಿಸುತ್ತ ಸುಮಾರು 11,000 ಪುಸ್ತಕ, ಅದರಲ್ಲಿ ಹೆಚ್ಚಿನವು ಕನ್ನಡದವು. ಫೀಸಿಲ್ಲ, ಕಾರ್ಡಿಲ್ಲ. ಬಂದು ಕೂತು ಓದಿ ಹೋಗಬಹುದಿತ್ತು. 2021ರ ಏಪ್ರಿಲ್ 9ರ ಬೆಳಗಿನ ಜಾವ ಅದು ಬೆಂಕಿಗೆ ಸಿಕ್ಕಿ ಬೂದಿಯಾಯಿತು. ಸುದ್ದಿ ನಾಡಿನ ತುಂಬ ಹಬ್ಬಿ ದುಡ್ಡು, ಪುಸ್ತಕ ಹರಿದು ಬಂದವು. ಇಸಾಕ್ ಅವರು ಸುಟ್ಟ ಜಾಗದಲ್ಲೇ ಮತ್ತೆ ಪತ್ರಿಕೆ ಹರಡಿ ಓದುಗರನ್ನು ಕರೆದರು. ಮಕ್ಕಳಿಗೆ ಊರಿನಲ್ಲಿ ಏನಿರಬೇಕು ಎಂದು ಸಮಿತಿ ಮಾಡಿ ಚರ್ಚಿಸುವವರು ಒಮ್ಮೆ ಅವರನ್ನು ಹೋಗಿ ಮಾತಾಡಿಸುವುದು ಒಳ್ಳೆಯದು.

ಬೆಂಗಳೂರಿನ ಮಕ್ಕಳು ಮೊದಲ ದಿನ ಮೊಬೈಲ್ ಹಿಡಿದು ವೈಫೈ ಪಾಸ್‌ವರ್ಡ್ ಕೇಳುತ್ತವೆ. ಎರಡನೇ ದಿನ ಗೇಟಿನ ಹತ್ತಿರ ನಿಲ್ಲುತ್ತವೆ. ಮೂರನೇ ದಿನ ‘ಜೋಕರ್ ಬೇಕು, ಬರ್ತೀಯೇನೋ?’ ಎಂಬ ಕರೆ ಬರುತ್ತದೆ. ಆಮೇಲೆ ಅವು ಊಟಕ್ಕೂ ಸಿಗುವುದಿಲ್ಲ. ಕರೆದುಕೊಂಡು ಹೋಗಲು ಬಂದ ಅಪ್ಪ ಅಮ್ಮನ ಮುಂದೆ ಮಗ ದಖನಿಯಲ್ಲಿ ‘ನಕ್ಕೋ’, ಬೇಡ, ಎಂದಾಗ ಅವರ ಮುಖ ನೋಡಬೇಕು. ತಿಂಗಳಿಗೆ ಅಷ್ಟು ಫೀಸು ಕಟ್ಟಿ ಮೂರನೇ ಭಾಷೆ ಕಲಿಸುವ ಶಾಲೆಯಲ್ಲಿ ಬಾರದ್ದು ಇಲ್ಲಿ ಒಂದು ವಾರದಲ್ಲಿ ಬಂದಿರುತ್ತದೆ.

ಆದ್ದರಿಂದ ರಾಜೀವನಗರದಲ್ಲಿ ಸೈಟು ಇಟ್ಟುಕೊಂಡು ಬೆಂಗಳೂರಿನಲ್ಲೋ ದುಬೈಯಲ್ಲೋ ಕೂತಿರುವ ಮಾಲೀಕರಲ್ಲಿ ನನ್ನದೊಂದು ಬಿನ್ನಹ. ಮನೆ ಕಟ್ಟುವ ಆತುರ ಬೇಡ, ಬೆಲೆ ಇನ್ನೂ ಏರುತ್ತದೆ. ಕಟ್ಟಲೇಬೇಕು ಎಂದರೆ ಗುದ್ದಲಿ ಪೂಜೆಯನ್ನು ಜೂನ್ ಮೇಲೆ, ಶಾಲೆ ಶುರುವಾದ ನಂತರ ಇಟ್ಟುಕೊಳ್ಳಿ. ಅಲ್ಲಿಯವರೆಗೆ ನಿಮ್ಮ ಸೈಟನ್ನು ಯಾರೂ ಒತ್ತುವರಿ ಮಾಡದಂತೆ ಬೆಳಗ್ಗೆ ಸಂಜೆ ಹದಿನೈದು ಜನ ಕಾಯುತ್ತಾರೆ, ಸಂಬಳ ಕೊಡಬೇಕಿಲ್ಲ. ಸಾಧ್ಯವಾದರೆ ಒಂದು ಹಸಿರು ಟೆನಿಸ್ ಬಾಲ್ ಕಳಿಸಿ, ನಾನಿಯ ಬಕೆಟ್ಟು ತುಂಬುತ್ತ ಬಂದಿದೆ.