ಗುಲ್‌ಮೊಹರ್ ದಾಹಶಮನ ಮೀಮಾಂಸೆ

ವಿಷಯ: ಮುಂಬೈ ಲೋಕಲ್ ಮಾರ್ಗದ ಠಾಕುರ್ಲಿಯ ಹೌಸಿಂಗ್ ಸೊಸೈಟಿಯೊಂದರ ಗೇಟಿನ ಬದಿಯಲ್ಲಿ ಮೇ ತಿಂಗಳ ಬಿಸಿಲಿಗೆ ಬಾಡಿ ನಿಂತ ಗುಲ್‌ಮೊಹರ್. ಪ್ರಯೋಜನ: ನೆರಳಿನ ಪಾರ್ಕಿಂಗ್. ಅಧಿಕಾರಿ: ಮೇಂಟೆನೆನ್ಸ್ ಬಾಕಿಯಿಲ್ಲದ ಸದಸ್ಯ. ಬಾಕಿದಾರರಿಗೆ ಈ ಶಾಸ್ತ್ರದಲ್ಲಿ ಪ್ರವೇಶವಿಲ್ಲ.

ಲಕ್ಷಣ: ಮಡಗಾಸ್ಕರ್ ಮೂಲದ ಈ ಮರಕ್ಕೆ ಒಣ ಋತುವಿನಲ್ಲಿ ಎಲೆ ಉದುರಿಸುವುದು ಕುಲಧರ್ಮ. ಆದ್ದರಿಂದ ಬೋಳಾದದ್ದೆಲ್ಲ ರೋಗವಲ್ಲ. ಹೊಸ ಚಿಗುರು ಜೋತುಬೀಳುವುದು, ಮೊಗ್ಗು ಅರಳದೆ ಉದುರುವುದು, ರೆಂಬೆ ತುದಿಯಿಂದ ಒಣಗುತ್ತ ಬರುವುದು ರೋಗ. ಉಗುರಿನಿಂದ ರೆಂಬೆಯ ತೊಗಟೆ ಕೆರೆದಾಗ ಹಸಿರು ಕಂಡರೆ ಜೀವವುಂಟೆಂದು ತಿಳಿದು ಶೋಕಸಭೆಯನ್ನು ಮುಂದೂಡತಕ್ಕದ್ದು.

ನಿದಾನ: ಸುರಪಾಲನ ವೃಕ್ಷಾಯುರ್ವೇದ ಮರಗಳಿಗೂ ವಾತ, ಪಿತ್ತ, ಕಫಗಳ ದೋಷವನ್ನು ಹೇಳುತ್ತದೆ. ನಾಲ್ಕನೆಯದಾದ ಪೇವರ್ ಬ್ಲಾಕ್ ದೋಷ ಆ ಮಹಾನುಭಾವನ ಕಾಲದಲ್ಲಿರಲಿಲ್ಲ. ನೀರು ಹೀರುವ ಎಳೆಬೇರುಗಳಲ್ಲಿ ಬಹುಪಾಲು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲಿಯೇ, ಕೊಂಬೆಗಳ ಅಂಚಿನಾಚೆಗೂ ಹರಡಿರುತ್ತವೆ. ಅಷ್ಟಗಲವೂ ಬ್ಲಾಕ್ ಹಾಸಿ, ಮೇಲೆ ಕಾರು ನಿಲ್ಲಿಸಿ, ಮರ ಏಕೆ ಬಾಡಿತೆಂದು ಚಿಂತಿಸಲು ಸಭೆ ಕರೆಯುವುದು ವಾಡಿಕೆ.

ಪೂರ್ವಪಕ್ಷ: ಸಭೆಯಲ್ಲಿ ಮೂರು ಪಂಥಗಳು. ಕಾಂಡಕ್ಕೆ ಗೇರು ಎಂಬ ಕೆಮ್ಮಣ್ಣು, ಸುಣ್ಣ ಬಳಿದರೆ ಸಾಕೆಂಬುದು ಗೇರು-ಸುಣ್ಣವಾದ. ಅದು ಫೋಟೋಕ್ಕೆ ಚೆನ್ನ, ಬಾಯಾರಿಕೆಗೆ ನಿಷ್ಪ್ರಯೋಜಕ. ಎರಡನೆಯದು ಯೂರಿಯಾವಾದ. ಒಣಮಣ್ಣಿನಲ್ಲಿ ಕರಗಿದ ಗೊಬ್ಬರ ಬೇರಿನ ನೀರನ್ನೇ ಹೊರಗೆಳೆಯುವುದರಿಂದ ಇದು ಹಸಿದವನಿಂದಲೇ ಚಂದಾ ಎತ್ತುವ ಕ್ರಮ. ಮೂರನೆಯದು ಕೊಡಲಿವಾದ: ಸತ್ತಿದೆ, ಕಡಿಯಿರಿ. ಇದಕ್ಕೆ 1975ರ ಮಹಾರಾಷ್ಟ್ರ ನಗರ ವೃಕ್ಷ ಸಂರಕ್ಷಣಾ ಕಾಯ್ದೆ ಅಡ್ಡಬರುತ್ತದೆ. ವೃಕ್ಷ ಪ್ರಾಧಿಕಾರದ ಅಪ್ಪಣೆಯಿಲ್ಲದೆ ಮರ ಕಡಿಯುವಂತಿಲ್ಲ.

ಸಿದ್ಧಾಂತ: ಮೊದಲು ಬುಡದ ಸುತ್ತಲಿನ ಬ್ಲಾಕುಗಳನ್ನು, ಬೇರಿಗೆ ಪೆಟ್ಟಾಗದಂತೆ, ಸಾಧ್ಯವಾದಷ್ಟು ಅಗಲಕ್ಕೆ ಎಬ್ಬಿಸಬೇಕು. ನೀರನ್ನು ಕಾಂಡಕ್ಕಲ್ಲ, ಕೊಂಬೆಗಳ ಅಂಚಿನ ಕೆಳಗೆ, ಮುಂಜಾನೆ, ಪೈಪಿನಿಂದ ಸಣ್ಣಗೆ ಬಿಡಬೇಕು. ಫಾಸ್ಟ್ ಲೋಕಲ್‌ನಂತೆಯೇ ಫಾಸ್ಟ್ ನೀರೂ ಠಾಕುರ್ಲಿಯಲ್ಲಿ ನಿಲ್ಲದೆ ಸೀದಾ ಗಟಾರಕ್ಕೆ ಹೋಗುತ್ತದೆ. ಇಳಿಯುವುದು ಸ್ಲೋ ಮಾತ್ರ. ಒಂದು ಅಡಿ ಆಳ ನೆನೆದ ಮೇಲೆ ನಿಲ್ಲಿಸಿ, ಮೇಲ್ಮಣ್ಣು ಒಣಗಿದ ಮೇಲೆ ಮತ್ತೆ ಬಿಡಬೇಕು. ದಿನಕ್ಕೊಂದು ಚೊಂಬು ಎರೆಯುವುದು ಭಕ್ತಿ, ಚಿಕಿತ್ಸೆಯಲ್ಲ. ಟ್ಯಾಂಕರ್ ಬರುವ ದಿನಗಳಲ್ಲಿ ತರಕಾರಿ ತೊಳೆದ ನೀರೂ ಆದೀತು, ಸಾಬೂನಿನ ನೀರು ಸಲ್ಲದು. ಮಾಲಿ ಗುಡಿಸಿ ಸುಡುವ ತರಗೆಲೆಯನ್ನೇ ಎರಡು ಮೂರು ಇಂಚು ಹೊದಿಸಿ, ಕಾಂಡಕ್ಕೆ ತಾಗದಂತೆ ಒಂದು ಗೇಣು ಬಿಡಬೇಕು. ಗೊಬ್ಬರ ಈಗ ಬೇಡ. ಚಿಗುರುವವರೆಗೂ ಹಸಿರು ಕೊಂಬೆಗೆ ಕತ್ತರಿ ತಾಗಕೂಡದು.

ಫಲಶ್ರುತಿ: ಇದನ್ನು ಪಠಿಸಿ ಆಚರಿಸುವ ಸೆಕ್ರೆಟರಿಗೆ ನೆರಳು ಪ್ರಾಪ್ತಿ. ಆಚರಿಸದಿದ್ದರೆ ಜೂನ್ ಮಳೆಯೇ ಗತಿ. ಆಗ ಮರ ಚಿಗುರಿದರೆ ಗೇರು-ಸುಣ್ಣದವರೂ ಯೂರಿಯಾದವರೂ ಮಿನಿಟ್ಸ್ ಪುಸ್ತಕದಲ್ಲಿ ತಮ್ಮ ತಮ್ಮ ವಿಜಯ ದಾಖಲಿಸುವರು. ಕೊಡಲಿಯವರು, ಬೆದರಿಸಿದ್ದಕ್ಕೇ ಚಿಗುರಿತೆನ್ನುವರು.