ಅಕಾರಾದಿ ರಾಯರು

ಸರ್ಕಾರದ ಕಚೇರಿಯಲ್ಲಿ ಬಹುಕಾಲ ಶಿರಸ್ತೇದಾರಿಕೆಯನ್ನು ನಿರ್ವಹಿಸಿ, ವಿಶ್ರಾಂತಿವೇತನದೊಡನೆ ಮನೆಗೆ ಮರಳಿದ ಮಹನೀಯರಲ್ಲಿ ಕೆಲವರು ಕಚೇರಿಯನ್ನು ಅಲ್ಲಿಯೇ ಬಿಟ್ಟು ಬರುತ್ತಾರೆ. ನಮ್ಮ ರಾಯರಂಥವರು ಅದನ್ನು ಜೊತೆಯಲ್ಲಿಯೇ ಕರೆತಂದು ನಡುಮನೆಯಲ್ಲಿ ಪ್ರತಿಷ್ಠಾಪಿಸುತ್ತಾರೆ. ಹಾಲಿನ ಲೆಕ್ಕಕ್ಕೊಂದು, ಸೌದೆಯ ಲೆಕ್ಕಕ್ಕೊಂದು ಕಡತವನ್ನು ತೆರೆಯುವ ಇವರ ಆಳ್ವಿಕೆಗೆ ಒಳಪಡದೆ ಉಳಿಯುವುದು ಅಡಿಗೆಮನೆ ಮಾತ್ರ. ಮನೆ ಬದಲಾಯಿಸುವ ಪ್ರಸಂಗವೊದಗಿತೆಂದರೆ ಅದರ ಸ್ವಾತಂತ್ರ್ಯಕ್ಕೂ ಸಂಚಕಾರ.

1898ರ ಪ್ಲೇಗಿನ ತರುವಾಯ ಬೆಳೆದ ಬಸವನಗುಡಿಯ ವಠಾರದಿಂದ, 1948ರಲ್ಲಿ ಅಸ್ತಿಭಾರ ಕಂಡ ಜಯನಗರದ ಸ್ವಂತ ಮನೆಗೆ, ಆಷಾಢ ಕಳೆದೊಡನೆ ಹೋಗುವುದೆಂದು ನಿಶ್ಚಯವಾದ ಕೂಡಲೇ ರಾಯರು ನಾಲ್ಕು ಅಂಕಣದ ದಫ್ತರವೊಂದನ್ನು ಗೆರೆಹಾಕಿ, ಪಾಕಶಾಲೆಯ ಸಮಸ್ತ ಸಾಮಗ್ರಿಯನ್ನೂ ಅಕಾರಾದಿಯಾಗಿ ಪೆಟ್ಟಿಗೆಗಳಿಗೆ ತುಂಬತಕ್ಕದ್ದೆಂದು ಆಜ್ಞಾಪಿಸಿದರು. ಅಕ್ಕಿ, ಅರಿಶಿನ, ಅವಲಕ್ಕಿಗಳವರೆಗೆ ಆಡಳಿತವು ಸುಗಮವಾಗಿಯೇ ಸಾಗಿತು. ಗಕಾರದಲ್ಲಿ ಗಾಜಿನ ಲೋಟಗಳು ಮೊದಲು, ಅವುಗಳ ಮೇಲೆ ಒರಳಿನ ಗುಂಡುಕಲ್ಲು. ಹಿತ್ತಾಳೆಯ ಕೊಳದಪ್ಪಲೆಯನ್ನು ಕಕಾರಕ್ಕೆ ಸೇರಿಸಬೇಕೋ ಹಕಾರಕ್ಕೋ ಎಂಬ ಜಿಜ್ಞಾಸೆ ಮಧ್ಯಾಹ್ನದ ಊಟದ ಹೊತ್ತನ್ನೂ ಮೀರಿ ನಡೆದು, ಹಕಾರದ ಪರವಾಗಿ ತೀರ್ಪಾಗಿ, ಅದು ಬೇಸಗೆಯ ಹಪ್ಪಳಗಳ ಮೇಲೆ ವಿರಾಜಮಾನವಾಯಿತು. 1956ರ ಕಾಯಿದೆಯಿಂದ ಅಧಿಕಾರ ಕಳೆದುಕೊಂಡ ಸೇರು, ಪಾವು, ಚಟಾಕುಗಳ ಎದುರಿಗೆ 'ರದ್ದಾದ ಅಳತೆಗಳು' ಎಂಬ ಷರಾ ಬಿತ್ತು. ಮನೆಯಾಕೆ ಆ ದಿನವೂ ಅದೇ ಪಾವಿನಿಂದ ಅಕ್ಕಿ ಅಳೆದಿದ್ದರೆಂಬುದು ಬೇರೆ ಮಾತು.

ಸಕಾರದಲ್ಲಿ ಮಾತ್ರ ಆಕೆಯ ತಾಳ್ಮೆ ತಪ್ಪಿತು.

"ಅಲ್ಲಾಂದ್ರೆ, ಸೀಮೆಎಣ್ಣೆ ಡಬ್ಬ ಸಕ್ಕರೆ ಪಕ್ಕದಲ್ಲಿಟ್ರೆ ವಾಸನೆ ಹತ್ತೋದಿಲ್ವೆ?"

"ಎರಡೂ ಸಕಾರವೇ ಕಣೇ. ಬೇರೆ ಪೆಟ್ಟಿಗೆ ಮಂಜೂರು ಮಾಡೋಕೆ ನನಗೆ ಅಧಿಕಾರ ಎಲ್ಲಿದೆ?"

ಮೂರು ದಶಕ ಅಧಿಕಾರವನ್ನೇ ಚಲಾಯಿಸಿದವರು ಅದರ ಅಭಾವವನ್ನು ಇಷ್ಟು ವಿನಯದಿಂದ ಒಪ್ಪಿಕೊಂಡುದನ್ನು ಕಂಡು ಆಕೆ ಸುಮ್ಮನಾದರು. ಸುಮ್ಮನಾದ ಗೃಹಿಣಿಯ ವಿಷಯದಲ್ಲಿ ಎಚ್ಚರದಿಂದಿರಬೇಕೆಂಬುದು ಯಾವ ಕಚೇರಿಯ ಕೈಪಿಡಿಯಲ್ಲಿಯೂ ಇರುವುದಿಲ್ಲ.

ನ್ಯಾಯವಾಗಿ ಹೇಳಬೇಕಾದರೆ, ಜಯನಗರವನ್ನು ಸೇರಿದಾಗ ದಫ್ತರದಲ್ಲಿದ್ದುದರಲ್ಲಿ ಒಂದು ಸೌಟೂ ಕಳೆದಿರಲಿಲ್ಲ. ಲೋಟಗಳಿದ್ದವು, ಚೂರುಗಳಾಗಿ, ಹಪ್ಪಳಗಳಿದ್ದವು, ಪುಡಿಯಾಗಿ, ಸಕ್ಕರೆಯೂ ಇತ್ತು, ದೀಪಕ್ಕೆ ಹಾಕಿದರೆ ಉರಿಯಬಹುದಾದ ಪರಿಮಳದೊಡನೆ. ಕಾಫಿಯ ಸರಂಜಾಮಿದ್ದ ಪೆಟ್ಟಿಗೆಯ ಅಂಕಿಯನ್ನು ರಾಯರು ಕ್ಷಣಾರ್ಧದಲ್ಲಿ ಹೇಳಿದರಾದರೂ, ಅದು ಇನ್ನೂ ಗಾಡಿಯಲ್ಲಿ ತಕಾರ, ಪಕಾರ, ಬಕಾರಗಳ ಹಿಂದೆ ಅಜ್ಞಾತವಾಸದಲ್ಲಿತ್ತು.

ಅಷ್ಟರಲ್ಲಿ ಆಕೆ, ವಠಾರದಿಂದ ಮಡಿಲಿನಲ್ಲಿಟ್ಟುಕೊಂಡು ಬಂದಿದ್ದ ಹಳೆಯ ಪಂಚೆಯ ಗಂಟನ್ನು ಬಿಚ್ಚಿ, ಉಪ್ಪು-ಅರಿಶಿನವನ್ನು ದೇವರ ಮುಂದಿರಿಸಿ, ಹಾಲುಕ್ಕಿಸಿ, ಗಂಟಿನೊಳಗಿದ್ದ ಫಿಲ್ಟರಿಗೆ ಅದರೊಳಗೇ ಇದ್ದ ಪುಡಿಯನ್ನು ಹಾಕಿಯಾಗಿತ್ತು. ಸಕ್ಕರೆಯ ಪೊಟ್ಟಣವೂ ಅದರಲ್ಲಿಯೇ. ನೊರೆಯುಕ್ಕುವ ಲೋಟವನ್ನು ಕೈಗೆ ತೆಗೆದುಕೊಂಡ ರಾಯರು ದಫ್ತರದ ಮೇಲಿನಿಂದ ಕೆಳಗಿನವರೆಗೆ ಬೆರಳಾಡಿಸಿ, ಇಂಥದೊಂದು ಗಂಟಿಗೆ ಕ್ರಮಸಂಖ್ಯೆಯೇ ಇಲ್ಲದಿರುವುದು ಗಂಭೀರವಾದ ಲೋಪವೆಂದೂ, ಲಿಖಿತ ಸಮಜಾಯಿಷಿ ಅಗತ್ಯವೆಂದೂ ಸೂಚಿಸಿದರು; ಆದರೆ ಎರಡನೆಯ ಲೋಟ ಬರುವ ಸಂಭವವಿದ್ದುದರಿಂದ, ಆಕ್ಷೇಪಣೆಯನ್ನು ಸದ್ಯಕ್ಕೆ ತಡೆಹಿಡಿದರು.